ಹಿರಿಯ ಗಾಲ್ಫ್ ಆಟಗಾರರ ಗಮನಕ್ಕೆ: ಎರಡು ಸುತ್ತುಗಳ ನಡುವಿನ ದೈಹಿಕ ಚೇತರಿಕೆ

1. ಪೀಠಿಕೆ

ಕರ್ನಾಟಕದಲ್ಲಿ ಗಾಲ್ಫ್ ಆಟಕ್ಕೆ ದೀರ್ಘವಾದ ಇತಿಹಾಸವಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಸ್ಥಾಪನೆಯಾಯಿತು. ಇಂದು ಬೆಂಗಳೂರು, ಮೈಸೂರು, ಮಡಿಕೇರಿ, ವಿರಾಜಪೇಟೆ ಸಮೀಪದ ಬಿಟ್ಟಂಗಾಲ, ಚಿಕ್ಕಮಗಳೂರು ಮೊದಲಾದ ಕಡೆಗಳಲ್ಲಿ ಗಾಲ್ಫ್ ಮೈದಾನಗಳಿವೆ. ನಿವೃತ್ತಿಯ ನಂತರವೂ ಆಟವನ್ನು ಮುಂದುವರಿಸುವವರು ಹಾಗೂ ನಿವೃತ್ತಿಯ ನಂತರವೇ ಆಟವನ್ನು ಆರಂಭಿಸುವವರು ಈ ಮೈದಾನಗಳಲ್ಲಿ ಕಂಡುಬರುತ್ತಾರೆ.

ಗಾಲ್ಫ್ ಹಿರಿಯರಿಗೆ ಸೂಕ್ತವಾದ ಆಟವಾಗಿದೆ. ಆದರೆ ಈ ಆಟದಿಂದ ಉಂಟಾಗುವ ನೋವುಗಳಲ್ಲಿ ಹೆಚ್ಚಿನವು ಬಿದ್ದು ಅಥವಾ ಪೆಟ್ಟು ತಗುಲಿ ಆದವುಗಳಲ್ಲ. ಒಂದೇ ಬಗೆಯ ಚಲನೆಯನ್ನು ಪದೇ ಪದೇ ಮಾಡುವುದರಿಂದ, ಹಿಂದಿನ ಸುತ್ತಿನ ದಣಿವು ತೀರುವ ಮುನ್ನವೇ ಮತ್ತೊಂದು ಸುತ್ತಿಗೆ ಇಳಿಯುವುದರಿಂದ ಆದವುಗಳು. ಆದ್ದರಿಂದ ಎರಡು ಸುತ್ತುಗಳ ನಡುವಿನ ದಿನಗಳನ್ನೂ ಆಟದ ಭಾಗವೆಂದೇ ಪರಿಗಣಿಸಬೇಕಾಗುತ್ತದೆ. 60 ವರ್ಷ ಮೇಲ್ಪಟ್ಟ ಆಟಗಾರರು ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಅಗತ್ಯ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಒಂದು ಸುತ್ತಿನಲ್ಲಿ ದೇಹಕ್ಕಾಗುವ ವ್ಯಯ

18 ಕುಳಿಗಳ ಪೂರ್ಣ ಸುತ್ತನ್ನು ನಡೆದು ಮುಗಿಸಲು ಸಾಮಾನ್ಯವಾಗಿ 4ರಿಂದ 5 ಗಂಟೆ ಬೇಕಾಗುತ್ತದೆ. ಈ ಅವಧಿಯಲ್ಲಿ ಆಟಗಾರರು ಸುಮಾರು 8ರಿಂದ 10 ಕಿ.ಮೀ. ನಡೆಯುತ್ತಾರೆ. ಇದರೊಂದಿಗೆ ಬಗ್ಗುವುದು, ಕುಕ್ಕರುಗಾಲಿನಲ್ಲಿ ಕುಳಿತು ಏಳುವುದು ಮತ್ತು ಅಭ್ಯಾಸದ ಬೀಸುಗಳೂ ಸೇರಿ ವ್ಯಯದ ಮೊತ್ತವು ಗಣನೀಯವಾಗುತ್ತದೆ.

ಕೋಲನ್ನು ಬೀಸುವ ಕ್ರಿಯೆಯು ಒಂದೆರಡು ಸೆಕೆಂಡುಗಳಲ್ಲಿ ಮುಗಿಯುವುದಾದರೂ, ಆ ಕ್ಷಣದಲ್ಲಿ ಸೊಂಟದ ಬೆನ್ನುಮೂಳೆಯ ಮೇಲೆ ದೇಹತೂಕದ ಸುಮಾರು ಎಂಟು ಪಟ್ಟಿನಷ್ಟು ಒತ್ತಡ ಬೀಳಬಹುದೆಂದು ಅಧ್ಯಯನಗಳಲ್ಲಿ ಅಳೆಯಲಾಗಿದೆ. ಈ ಚಲನೆಯು ಯಾವಾಗಲೂ ಒಂದೇ ದಿಕ್ಕಿನದಾಗಿರುವುದರಿಂದ ದೇಹದ ಎರಡು ಬದಿಗಳಿಗೆ ಸಮನಾದ ಶ್ರಮವಾಗುವುದಿಲ್ಲ. ಸೊಂಟ, ಮೊಣಕೈ, ಮಣಿಕಟ್ಟು ಮತ್ತು ಭುಜಗಳು ಹೆಚ್ಚಾಗಿ ನೋಯುವ ಭಾಗಗಳಾಗಿವೆ.

ಮೈದಾನದ ಸ್ವರೂಪವೂ ಮುಖ್ಯವಾಗಿದೆ. ಮಡಿಕೇರಿ, ಚಿಕ್ಕಮಗಳೂರಿನಂತಹ ಏರಿಳಿತದ ಪ್ರದೇಶಗಳಲ್ಲಿ ಏರುವಾಗ ಉಸಿರು ಕಟ್ಟಿದಂತಾಗಿ ಶ್ರಮವು ಅರಿವಿಗೆ ಬರುತ್ತದೆ. ಇಳಿಯುವಾಗ ಶ್ರಮವು ಅಷ್ಟಾಗಿ ತಿಳಿಯುವುದಿಲ್ಲ. ಆದರೆ ತೊಡೆಯ ಸ್ನಾಯುಗಳು ದೇಹದ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುವುದರಿಂದ, ಮರುದಿನದ ನೋವಿಗೆ ಇಳಿಜಾರೇ ಹೆಚ್ಚಿನ ಕಾರಣವಾಗಿರುತ್ತದೆ.

3. ವಯಸ್ಸಾದಂತೆ ಚೇತರಿಕೆ ನಿಧಾನವಾಗಲು ಕಾರಣಗಳು

ಅ) ಶ್ರಮದ ನಂತರ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಹಾನಿಯುಂಟಾಗಿ, ದೇಹವು ಅದನ್ನು ದುರಸ್ತಿ ಮಾಡುತ್ತದೆ. ವಯಸ್ಸಾದಂತೆ ಸ್ನಾಯುಗಳ ಪ್ರಮಾಣ ಕಡಿಮೆಯಾಗುವುದಲ್ಲದೆ, ಸೇವಿಸಿದ ಪ್ರೋಟೀನಿಗೆ ಅವು ಸ್ಪಂದಿಸುವ ಶಕ್ತಿಯೂ ಕುಗ್ಗುತ್ತದೆ.

ಆ) ಸ್ನಾಯುವನ್ನು ಮೂಳೆಗೆ ಬಂಧಿಸುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಿರುವುದರಿಂದ ಅವು ಸ್ನಾಯುಗಳಿಗಿಂತಲೂ ನಿಧಾನವಾಗಿ ಮಾಗುತ್ತವೆ. ವಯಸ್ಸಾದಂತೆ ಅವುಗಳ ಸ್ಥಿತಿಸ್ಥಾಪಕತ್ವವೂ ಕಡಿಮೆಯಾಗುತ್ತದೆ.

ಇ) ಬಾಯಾರಿಕೆಯ ಅರಿವು ಮಂದವಾಗುತ್ತದೆ. ದೇಹಕ್ಕೆ ನೀರಿನ ಅಗತ್ಯವಿದ್ದರೂ ಅದು ಸಕಾಲದಲ್ಲಿ ತಿಳಿಯುವುದಿಲ್ಲ. ಬೆಂಗಳೂರಿನಂತಹ ಎತ್ತರದ, ತಂಪಾದ ಊರುಗಳಲ್ಲಿ ಬೆವರು ಬೇಗನೆ ಆರುವುದರಿಂದ, ನೀರು ನಷ್ಟವಾಗುತ್ತಿರುವುದು ಮತ್ತಷ್ಟು ಮರೆಯಾಗುತ್ತದೆ.

ಈ) ಗಾಢನಿದ್ರೆಯ ಅವಧಿ ಕಡಿಮೆಯಾಗುತ್ತದೆ. ದೇಹದ ದುರಸ್ತಿ ಕಾರ್ಯದ ಬಹುಭಾಗವು ನಿದ್ರೆಯಲ್ಲಿಯೇ ನಡೆಯುತ್ತದೆ.

ಸ್ನಾಯುಗಳ ಈ ಬಗೆಯ ನೋವು ಶ್ರಮಪಟ್ಟ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಅದು ಹೆಚ್ಚಿನ ಮಟ್ಟಕ್ಕೆ ತಲುಪುತ್ತದೆ. ಆದ್ದರಿಂದ ಆಟ ಮುಗಿದ ಸಂಜೆ ಮೈ ಹಗುರವಾಗಿದೆಯೆಂಬ ಕಾರಣಕ್ಕೆ ಮರುದಿನವೂ ಆಡಲು ನಿರ್ಧರಿಸುವುದು ಸರಿಯಾದ ಕ್ರಮವಲ್ಲ. ದೇಹವು ತನ್ನ ಲೆಕ್ಕವನ್ನು ಒಪ್ಪಿಸುವುದು ಎರಡನೆಯ ಅಥವಾ ಮೂರನೆಯ ದಿನದ ಬೆಳಿಗ್ಗೆ.

4. ಚೇತರಿಕೆಯ ಕ್ರಮ

ಮೊದಲ ಒಂದು ಗಂಟೆ: ಕೊನೆಯ ಕುಳಿಯಿಂದ ನೇರವಾಗಿ ಹೋಗಿ ವಾಹನದಲ್ಲಿ ಕುಳಿತುಕೊಳ್ಳಬಾರದು. 5ರಿಂದ 10 ನಿಮಿಷ ನಿಧಾನವಾಗಿ ನಡೆದು, ಅನಂತರ ಮೀನಖಂಡ, ತೊಡೆ, ಸೊಂಟ, ಭುಜ ಹಾಗೂ ಮುಂಗೈಗಳನ್ನು ಜಗ್ಗದೆ ಮೃದುವಾಗಿ ಚಾಚಬೇಕು. ಪ್ರತಿಯೊಂದು ಭಂಗಿಯಲ್ಲಿ 20ರಿಂದ 30 ಸೆಕೆಂಡು ನಿಲ್ಲುವುದು ಸಾಕು. ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಬೇಕು.

ಅದೇ ದಿನ ಸಂಜೆ: ಒಂದೆರಡು ಗಂಟೆಗಳೊಳಗೆ ಪ್ರೋಟೀನ್ ಮತ್ತು ಧಾನ್ಯ ಎರಡೂ ಇರುವ ಊಟ ಮಾಡಬೇಕು. ಉಗುರುಬೆಚ್ಚಗಿನ ನೀರಿನ ಸ್ನಾನ ಹಿತಕರವಾಗಿರುತ್ತದೆ. ಒಂದೇ ಕಡೆ ದೀರ್ಘಕಾಲ ಕುಳಿತಿರದೆ, ಗಂಟೆಗೊಮ್ಮೆ ಎದ್ದು ಓಡಾಡುವುದು ಸೂಕ್ತ. ರಾತ್ರಿ 7ರಿಂದ 8 ಗಂಟೆಗಳ ನಿದ್ರೆಗೆ ಅವಕಾಶ ಮಾಡಿಕೊಳ್ಳಬೇಕು.

ಮರುದಿನ: ಸಂಪೂರ್ಣ ವಿಶ್ರಾಂತಿಗಿಂತ ಲಘು ಚಲನೆ ಮೇಲು. ಸಮತಟ್ಟಾದ ನೆಲದಲ್ಲಿ 20ರಿಂದ 30 ನಿಮಿಷಗಳ ನಡಿಗೆ, ಸರಳ ಯೋಗಾಸನಗಳು ಅಥವಾ ಈಜು ಸೂಕ್ತವಾಗಿವೆ. ಚೆಂಡು ಹೊಡೆಯುವ ಅಭ್ಯಾಸವನ್ನು ಈ ದಿನ ಕೈಗೊಳ್ಳಬಾರದು. ಅಭ್ಯಾಸ ಸ್ಥಳದಲ್ಲಿ ಅರ್ಧ ಗಂಟೆಯಲ್ಲಿ ಹೊಡೆಯುವ ಚೆಂಡುಗಳ ಸಂಖ್ಯೆಯು ಇಡೀ ಸುತ್ತಿನ ಪೂರ್ಣ ಬೀಸುಗಳ ಸಂಖ್ಯೆಯನ್ನು ಮೀರಬಹುದು ಎಂಬುದನ್ನು ಗಮನಿಸಬೇಕು.

ಮೂರನೆಯ ದಿನ: ಬೆಳಿಗ್ಗೆ ಎದ್ದಾಗ ಈ ಕೆಳಗಿನ ಅಂಶಗಳನ್ನು ಪರೀಕ್ಷಿಸಿಕೊಳ್ಳಬೇಕು.

- ಕೈಗಳ ಆಸರೆಯಿಲ್ಲದೆ ಕುರ್ಚಿಯಿಂದ ಎಂದಿನಂತೆ ಏಳಲು ಸಾಧ್ಯವಾಗುತ್ತಿದೆಯೇ?
- ಮೆಟ್ಟಿಲು ಇಳಿಯುವಾಗ ತೊಡೆ ಅಥವಾ ಮಂಡಿಯಲ್ಲಿ ನೋವಿದೆಯೇ?
- ಸೊಂಟವನ್ನು ಎರಡೂ ಕಡೆಗೆ ಸಮನಾಗಿ ತಿರುಗಿಸಲು ಆಗುತ್ತಿದೆಯೇ?
- ತುಂಬಿದ ನೀರಿನ ಚೊಂಬನ್ನು ಎತ್ತುವಾಗ ಮೊಣಕೈ ಅಥವಾ ಮಣಿಕಟ್ಟಿನಲ್ಲಿ ಚುಚ್ಚಿದಂತಾಗುತ್ತಿದೆಯೇ?
- ವಿಶ್ರಾಂತಿಯಲ್ಲಿರುವಾಗಿನ ನಾಡಿಬಡಿತವು ಎಂದಿನ ಪ್ರಮಾಣದಲ್ಲಿಯೇ ಇದೆಯೇ?
- ನಿದ್ರೆ ಸರಿಯಾಗಿ ಆಗಿದೆಯೇ?

ಇವುಗಳಲ್ಲಿ ಯಾವುದಾದರೂ ಎರಡು ಅಂಶಗಳು ಸಮರ್ಪಕವಾಗಿಲ್ಲದಿದ್ದಲ್ಲಿ ಮತ್ತೊಂದು ದಿನ ಕಾಯುವುದು ಲೇಸು.

5. ಸುತ್ತುಗಳ ನಡುವಿನ ಅಂತರ

ಎಲ್ಲರಿಗೂ ಅನ್ವಯವಾಗುವ ಒಂದೇ ನಿಯಮವಿಲ್ಲ. ಆದಾಗ್ಯೂ, ನಡೆದು ಪೂರ್ಣ ಸುತ್ತು ಆಡುವ ಹಿರಿಯರು ಎರಡು ಸುತ್ತುಗಳ ನಡುವೆ ಕನಿಷ್ಠ ಒಂದು ದಿನವನ್ನು, ಸಾಧ್ಯವಿದ್ದಲ್ಲಿ ಎರಡು ದಿನಗಳನ್ನು ಬಿಡುವುದು ಸೂಕ್ತವಾಗಿದೆ. ಏರಿಳಿತದ ಮೈದಾನದಲ್ಲಿ ಆಡಿದ ನಂತರ, ಜ್ವರ ಅಥವಾ ಕಾಯಿಲೆಯಿಂದ ಎದ್ದ ನಂತರ ಹಾಗೂ ಬಹುದಿನಗಳ ಬಿಡುವಿನ ಬಳಿಕ ಆಡಿದ ಮೊದಲ ಸುತ್ತಿನ ನಂತರ ಈ ಅಂತರವನ್ನು ಹೆಚ್ಚಿಸಬೇಕು.

ಸತತ ದಿನಗಳಲ್ಲಿ ನಡೆಯುವ ಪಂದ್ಯಾವಳಿಗಳಲ್ಲಿ ಭಾಗವಹಿಸಲೇಬೇಕಾದಲ್ಲಿ ಈ ಕ್ರಮಗಳನ್ನು ಅನುಸರಿಸಬಹುದು: ಪಂದ್ಯಾವಳಿಗೆ ಮುಂಚಿನ ಎರಡು ದಿನ ಪೂರ್ಣ ಬೀಸಿನ ಅಭ್ಯಾಸವನ್ನು ನಿಲ್ಲಿಸುವುದು, ನಿಯಮಾವಳಿಯಲ್ಲಿ ಅವಕಾಶವಿದ್ದಲ್ಲಿ ಗಾಲ್ಫ್ ಕಾರ್ಟ್ ಬಳಸುವುದು, ಚೀಲವನ್ನು ಹೊರುವ ಬದಲು ಚಕ್ರದ ಗಾಡಿಯಲ್ಲಿ ತಳ್ಳುವುದು. ಸಾಮಾನ್ಯ ದಿನಗಳಲ್ಲಿ 18ರ ಬದಲು 9 ಕುಳಿಗಳ ಆಟವೂ ಪೂರ್ಣ ಪ್ರಮಾಣದ ವ್ಯಾಯಾಮವೇ ಆಗಿರುತ್ತದೆ.

ಕಾರ್ಟ್ ಬಳಸುವುದನ್ನು ಕೆಲವರು ಗೌರವಕ್ಕೆ ಕುಂದೆಂದು ಭಾವಿಸುತ್ತಾರೆ. ಜರ್ಮನಿಯ ಪ್ರಸಿದ್ಧ ಆಟಗಾರ ಬರ್ನ್‌ಹಾರ್ಡ್ ಲಾಂಗರ್ ಅವರಿಗೆ 2024ರ ಫೆಬ್ರವರಿಯಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಕಾರ್ಟ್‌ನ ನೆರವಿನಿಂದ ಹಿರಿಯರ ಪಂದ್ಯಾವಳಿಗೆ ಮರಳಿದರು; ನವೆಂಬರ್‌ನಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಋತುವಿನ ಕೊನೆಯ ಪಂದ್ಯಾವಳಿಯನ್ನು ಗೆದ್ದರು. ವೃತ್ತಿಪರ ಆಟಗಾರರಿಗೆ ದೊರೆಯುವ ವೈದ್ಯಕೀಯ ನೆರವು ಎಲ್ಲರಿಗೂ ಲಭ್ಯವಿಲ್ಲವಾದ್ದರಿಂದ ಅವರ ವೇಗವನ್ನು ಅನುಕರಿಸಬೇಕಾಗಿಲ್ಲ. ಆದರೆ ಅಗತ್ಯವಿದ್ದಾಗ ನೆರವು ಪಡೆಯುವ ಅವರ ಕ್ರಮವು ಅನುಕರಣೀಯವಾಗಿದೆ.

6. ನೀರು ಮತ್ತು ಆಹಾರ

ಆಟಕ್ಕೆ ಮುಂಚೆ ಹಾಗೂ ನಂತರ ತೂಕ ನೋಡಿಕೊಳ್ಳುವುದು ನೀರಿನ ನಷ್ಟವನ್ನು ತಿಳಿಯುವ ಸುಲಭ ವಿಧಾನವಾಗಿದೆ. ಒಂದು ಕಿ.ಗ್ರಾಂ. ತೂಕ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ನಷ್ಟವಾಗಿದೆ ಎಂದರ್ಥ. ಅಷ್ಟಕ್ಕಿಂತ ತುಸು ಹೆಚ್ಚು ದ್ರವವನ್ನು ಮುಂದಿನ ಕೆಲವು ಗಂಟೆಗಳಲ್ಲಿ ಹಂತಹಂತವಾಗಿ ಸೇವಿಸಬೇಕು. ನೀರು, ಮಜ್ಜಿಗೆ, ಎಳನೀರು ಸೂಕ್ತ. ಹೆಚ್ಚು ಬೆವರಿದ ದಿನ ಓ.ಆರ್.ಎಸ್. ದ್ರಾವಣವನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಸಿದ್ಧಪಡಿಸಿ ಬಳಸಬಹುದು. ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ಕಾಯಿಲೆಯ ಕಾರಣ ನೀರಿನ ಮಿತಿಯನ್ನು ವಿಧಿಸಲಾಗಿರುವವರು ವೈದ್ಯರ ಸಲಹೆಯನ್ನೇ ಪಾಲಿಸತಕ್ಕದ್ದು. ಅಂತಹವರಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಂ ಸಹ ಅಪಾಯಕಾರಿಯಾಗಬಹುದು.

ಆರೋಗ್ಯವಂತ ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿ.ಗ್ರಾಂ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಸೂಕ್ತವೆಂದು ತಜ್ಞರು ಶಿಫಾರಸು ಮಾಡಿರುತ್ತಾರೆ. 60 ಕಿ.ಗ್ರಾಂ. ತೂಕದವರಿಗೆ ಇದು 60ರಿಂದ 72 ಗ್ರಾಂ ಆಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ ಹಾಗೂ 30 ಗ್ರಾಂ ಬೇಳೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ. ತೆಳುವಾದ ಸಾರು ಮತ್ತು ಅನ್ನದ ಊಟದಿಂದ ಈ ಮೊತ್ತ ಭರ್ತಿಯಾಗುವುದಿಲ್ಲ. ಹೆಸರುಬೇಳೆ ಕೋಸಂಬರಿ, ಹುರುಳಿ ಅಥವಾ ಅವರೆಕಾಳಿನ ಸಾರು, ಉಸಲಿ, ಗಟ್ಟಿ ಮೊಸರು, ಮೀನು, ಮೊಟ್ಟೆ ಇವುಗಳನ್ನು ಮೂರೂ ಹೊತ್ತಿನ ಊಟದಲ್ಲಿ ಹಂಚಿಕೊಳ್ಳಬೇಕು. ರಾಗಿಯು ಮೂಳೆಗಳಿಗೆ ಬೇಕಾದ ಸುಣ್ಣದ ಅಂಶದ ಉತ್ತಮ ಮೂಲವಾಗಿದೆ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಪ್ರಮಾಣವನ್ನು ಹೆಚ್ಚಿಸಬಾರದು.

ಆಟ ಮುಗಿದೊಡನೆ ಮದ್ಯ ಸೇವಿಸುವ ರೂಢಿ ಹಲವರಲ್ಲಿದೆ. ಮದ್ಯವು ಮೂತ್ರದ ಮೂಲಕ ನೀರಿನ ನಷ್ಟವನ್ನು ಹೆಚ್ಚಿಸುತ್ತದೆ, ನಿದ್ರೆಯ ಗುಣಮಟ್ಟವನ್ನು ಕೆಡಿಸುತ್ತದೆ ಹಾಗೂ ಸ್ನಾಯುಗಳ ದುರಸ್ತಿಯನ್ನು ತಡೆಯುತ್ತದೆ. ಚೇತರಿಕೆಯ ದೃಷ್ಟಿಯಿಂದ ಅದನ್ನು ತ್ಯಜಿಸುವುದೇ ಉತ್ತಮ.

7. ನಿಯತವಾಗಿ ಔಷಧ ಸೇವಿಸುವವರಿಗೆ ಸೂಚನೆಗಳು

ಮಧುಮೇಹ: ಇನ್ಸುಲಿನ್ ಅಥವಾ ಸಕ್ಕರೆಯ ಮಟ್ಟವನ್ನು ಇಳಿಸುವ ಕೆಲವು ಮಾತ್ರೆಗಳನ್ನು ಬಳಸುವವರಲ್ಲಿ, ದೀರ್ಘ ನಡಿಗೆಯ ಪರಿಣಾಮವಾಗಿ ರಕ್ತದ ಸಕ್ಕರೆಯು ಆಟ ಮುಗಿದ ಹಲವು ಗಂಟೆಗಳ ನಂತರ, ರಾತ್ರಿಯ ನಿದ್ರೆಯಲ್ಲಿಯೂ ಇಳಿಯಬಹುದು. ಆಟದ ದಿನ ಮಲಗುವ ಮುನ್ನ ಸಕ್ಕರೆಯ ಮಟ್ಟವನ್ನು ಪರೀಕ್ಷಿಸಿಕೊಳ್ಳಬೇಕು. ಅದು 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದಲ್ಲಿ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿದು, 15 ನಿಮಿಷಗಳ ನಂತರ ಪುನಃ ಪರೀಕ್ಷಿಸಬೇಕು.

ರಕ್ತದೊತ್ತಡ: ಮೂತ್ರವರ್ಧಕ ಮಾತ್ರೆಗಳಿಂದ ನೀರಿನ ನಷ್ಟ ಹೆಚ್ಚಾಗಿ, ಎದ್ದು ನಿಂತಾಗ ತಲೆ ಸುತ್ತಬಹುದು. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುವುದರಿಂದ, ನಾಡಿಯನ್ನು ಮಾತ್ರ ನೋಡಿ ದಣಿವನ್ನು ಅಳೆಯಲಾಗದು. ಯಾವುದೇ ಮಾತ್ರೆಯನ್ನು ಆಟದ ಸಲುವಾಗಿ ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ನೋವು ನಿವಾರಕಗಳು: ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳನ್ನು ಆಟಕ್ಕೆ ಮುಂಚೆ ನುಂಗಿ ಮೈದಾನಕ್ಕಿಳಿಯುವ ರೂಢಿ ಅಪಾಯಕಾರಿ. ಇವು ದೇಹದ ಎಚ್ಚರಿಕೆಯ ಸೂಚನೆಯನ್ನು ಅಡಗಿಸುತ್ತವೆಯೇ ಹೊರತು ಹಾನಿಯನ್ನು ಸರಿಪಡಿಸುವುದಿಲ್ಲ. ನೀರಿನಂಶ ಕಡಿಮೆಯಾದ ದೇಹದಲ್ಲಿ, ಅದರಲ್ಲಿಯೂ ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆಯಲ್ಲಿ, ಇವು ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ರಕ್ತ ತೆಳುವಾಗಿಸುವ ಔಷಧ ಪಡೆಯುವವರಲ್ಲಿ ಜಠರದ ರಕ್ತಸ್ರಾವಕ್ಕೆ ಕಾರಣವಾಗಬಹುದು.

8. ಸಾಮಾನ್ಯ ನೋವು ಮತ್ತು ಅಪಾಯದ ಸೂಚನೆಗಳು

ಸಾಮಾನ್ಯ ಸ್ನಾಯುನೋವು ಬಹುತೇಕ ದೇಹದ ಎರಡೂ ಕಡೆ ಹರಡಿರುತ್ತದೆ, ಓಡಾಡಿದಂತೆ ಸಡಿಲವಾಗುತ್ತದೆ ಹಾಗೂ ಮೂರು ನಾಲ್ಕು ದಿನಗಳಲ್ಲಿ ಶಮನವಾಗುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಕೀಲಿನ ಊತ, ರಾತ್ರಿ ನಿದ್ರೆ ಕೆಡಿಸುವ ನೋವು ಅಥವಾ ಒಂದು ವಾರ ಕಳೆದರೂ ತಗ್ಗದ ನೋವು ಇದ್ದಲ್ಲಿ ಆಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಈ ಕೆಳಗಿನ ಸಂದರ್ಭಗಳಲ್ಲಿ ವಿಳಂಬ ಮಾಡದೆ ಆಸ್ಪತ್ರೆಗೆ ತೆರಳತಕ್ಕದ್ದು:

- ಎದೆಯಲ್ಲಿ ಬಿಗಿತ ಅಥವಾ ಭಾರ, ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಅಕಾರಣ ಏದುಸಿರು
- ಮುಖ ಓರೆಯಾಗುವುದು, ತೋಳಿನ ಬಲ ಕುಂದುವುದು, ಮಾತು ತೊದಲುವುದು
- ಬಿಸಿಲಿನಲ್ಲಿ ಆಡಿದ ನಂತರ ಗೊಂದಲ, ಅಸಂಬದ್ಧ ಮಾತು, ಮೈ ಸುಡುವಷ್ಟು ಬಿಸಿಯಾಗುವುದು
- ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು
- ಸೊಂಟನೋವಿನೊಂದಿಗೆ ಕಾಲಿನ ಬಲ ಕುಂದುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು
- ಕಡುಕಂದು ಬಣ್ಣದ ಮೂತ್ರ

ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಹೃದಯಾಘಾತವು ಸ್ಪಷ್ಟವಾದ ಎದೆನೋವಿಲ್ಲದೆಯೂ ಸಂಭವಿಸಬಹುದು. ನಿನ್ನೆಯ ಆಟದ ದಣಿವೆಂದೋ, ಹೊಟ್ಟೆಯ ಉಬ್ಬರವೆಂದೋ ಭಾವಿಸಿ ಮನೆಯಲ್ಲಿಯೇ ಕಾಯುವುದರಿಂದ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ. ತಕ್ಷಣ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬೇಕು. ರೋಗಿಯು ಸ್ವತಃ ವಾಹನ ಚಲಾಯಿಸಬಾರದು. ವ್ಯಕ್ತಿಯು ಪ್ರಜ್ಞೆ ತಪ್ಪಿ, ಸಹಜ ಉಸಿರಾಟವಿಲ್ಲದಿದ್ದಲ್ಲಿ ಹತ್ತಿರದಲ್ಲಿರುವವರು ಎದೆಯ ಮಧ್ಯಭಾಗವನ್ನು ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ, ನೆರವು ಬರುವವರೆಗೆ ಒತ್ತುತ್ತಿರಬೇಕು.

9. ಲಭ್ಯವಿರುವ ಸರ್ಕಾರಿ ಸೌಲಭ್ಯಗಳು

ಅ) ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯಗಳಲ್ಲಿ ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆ ಮಾಡಲಾಗುತ್ತದೆ. ಹೊಸದಾಗಿ ಆಟ ಆರಂಭಿಸುವ ಅಥವಾ ದೀರ್ಘ ಬಿಡುವಿನ ನಂತರ ಮರಳುವ ಹಿರಿಯರು ಮೊದಲು ಈ ತಪಾಸಣೆ ಮಾಡಿಸಿಕೊಳ್ಳುವುದು ಸೂಕ್ತ.

ಆ) ಜಿಲ್ಲಾ ಆಸ್ಪತ್ರೆಗಳಲ್ಲಿ ಭೌತಚಿಕಿತ್ಸೆಯ ಸೌಲಭ್ಯವಿದೆ.

ಇ) ನಟ ದಿವಂಗತ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ತಜ್ಞರ ಸಲಹೆ ಪಡೆದು, ಅಗತ್ಯವಿರುವ ಹೃದಯಾಘಾತ ಪ್ರಕರಣಗಳಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ.

ಈ) ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ: 14567.

ತಪಾಸಣೆಗೆ ಬರುವಾಗ ವಯಸ್ಸು ಮತ್ತು ವಿಳಾಸದ ದಾಖಲೆ, ಪ್ರಸ್ತುತ ಸೇವಿಸುತ್ತಿರುವ ಎಲ್ಲಾ ಔಷಧಗಳ ಪಟ್ಟಿ, ಹಿಂದಿನ ವರದಿಗಳು ಹಾಗೂ ಆಟದ ದಿನಾಂಕ, ಆಡಿದ ಕುಳಿಗಳ ಸಂಖ್ಯೆ, ನಂತರದ ಮೂರು ದಿನಗಳ ನೋವಿನ ವಿವರವನ್ನು ಬರೆದಿಟ್ಟ ಪುಸ್ತಕವನ್ನು ತಂದಲ್ಲಿ ವೈದ್ಯರಿಗೆ ಅನುಕೂಲವಾಗುತ್ತದೆ.

10. ಕ್ಯಾಡಿಗಳ ಬಗ್ಗೆ

ಆಟಗಾರರ ಚೀಲ ಹೊರುವ ಕ್ಯಾಡಿಗಳಲ್ಲಿಯೂ ವಯಸ್ಸಾದವರಿದ್ದಾರೆ. ಗರಿಷ್ಠ ಮಿತಿಯಾದ 14 ಕೋಲುಗಳಿರುವ ಚೀಲವು 10 ಕಿ.ಗ್ರಾಂ.ಗಿಂತ ಹೆಚ್ಚು ಭಾರವಿರಬಹುದು. ಆಟಗಾರರು ಮರುದಿನ ವಿಶ್ರಾಂತಿ ಪಡೆಯಬಹುದು. ದಿನದ ಸಂಪಾದನೆಯನ್ನೇ ಅವಲಂಬಿಸಿದ ಕ್ಯಾಡಿಗೆ ಆ ಅವಕಾಶ ಇರಲಾರದು. ಮೇಲಿನ ಎಲ್ಲಾ ಸೂಚನೆಗಳು ಅವರಿಗೂ ಅನ್ವಯಿಸುತ್ತವೆ. ಅನವಶ್ಯಕ ವಸ್ತುಗಳನ್ನು ತೆಗೆದು ಚೀಲದ ಭಾರ ತಗ್ಗಿಸುವುದು, ಚಕ್ರದ ಗಾಡಿ ಒದಗಿಸುವುದು ಹಾಗೂ ಕುಡಿಯುವ ನೀರನ್ನು ಹಂಚಿಕೊಳ್ಳುವುದು ಆಟಗಾರರ ಕರ್ತವ್ಯವೆಂದು ಭಾವಿಸತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋವಿಗೆ ಮಂಜುಗಡ್ಡೆ ಒಳ್ಳೆಯದೋ, ಬಿಸಿ ಶಾಖ ಒಳ್ಳೆಯದೋ?
ಉತ್ತರ: ಹೊಸದಾಗಿ ಉಳುಕಿ ಊದಿಕೊಂಡ ಭಾಗಕ್ಕೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಬಹುದು. ಊತವಿಲ್ಲದ ಬಿಗಿತಕ್ಕೆ ಬಿಸಿ ಶಾಖ ಹಿತಕರ. ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವ ಮಧುಮೇಹಿಗಳು ಎರಡನ್ನೂ ಎಚ್ಚರದಿಂದ ಬಳಸಬೇಕು.

ಪ್ರಶ್ನೆ: ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಬಹುದೇ?
ಉತ್ತರ: ಮೃದುವಾದ ಅಭ್ಯಂಗದಿಂದ ನೋವಿನ ಅನುಭವ ಕಡಿಮೆಯಾಗಬಹುದು. ಊದಿದ ಮೀನಖಂಡವನ್ನು ಯಾವ ಕಾರಣಕ್ಕೂ ತಿಕ್ಕಬಾರದು.

ಪ್ರಶ್ನೆ: ಗಾಲ್ಫ್ ಆಡುವವರಿಗೆ ಬೇರೆ ವ್ಯಾಯಾಮದ ಅಗತ್ಯವಿದೆಯೇ?
ಉತ್ತರ: ಇದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ 65 ವರ್ಷ ಮೇಲ್ಪಟ್ಟವರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ, ಕನಿಷ್ಠ 2 ದಿನ ಸ್ನಾಯುಬಲದ ಹಾಗೂ 3 ದಿನ ಸಮತೋಲನಕ್ಕೆ ಒತ್ತು ನೀಡುವ ವ್ಯಾಯಾಮಗಳನ್ನು ಮಾಡಬೇಕು. ಬಲವಿರುವ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ಮಂಡಿಯ ಕೀಲು ಬದಲಾವಣೆಯಾದವರು ಆಡಬಹುದೇ?
ಉತ್ತರ: ಅನೇಕರು ಆಡುತ್ತಾರೆ. ಆದರೆ ಆರಂಭಿಸುವ ಕಾಲ ಹಾಗೂ ಕುಳಿಗಳ ಸಂಖ್ಯೆಯನ್ನು ಶಸ್ತ್ರಚಿಕಿತ್ಸೆ ನಡೆಸಿದ ವೈದ್ಯರೇ ನಿರ್ಧರಿಸಬೇಕು.

12. ಮುಕ್ತಾಯ

ಒಂದು ಸುತ್ತನ್ನು ಕೈಬಿಡುವುದರಿಂದ ಆಗುವ ನಷ್ಟ ಒಂದು ಬೆಳಗಿನದು ಮಾತ್ರ. ಚೇತರಿಸಿಕೊಳ್ಳದ ದೇಹದಿಂದ ಆಡಿದ ಒಂದು ಸುತ್ತು ಹಲವು ತಿಂಗಳ ಆಟವನ್ನು ಕಸಿದುಕೊಳ್ಳಬಹುದು. ಹಿರಿಯ ಆಟಗಾರರು ಇದನ್ನು ಗಮನದಲ್ಲಿರಿಸಿಕೊಂಡು ತಮ್ಮ ಆಟದ ದಿನಗಳನ್ನು ನಿಗದಿಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.

ವಿಶೇಷ ಸೂಚನೆ: ಈ ಪುಟದ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ.